ಟರ್ನ್‌ಟೇಬಲ್ ಅಡಿಗೆ ಏನಿರಬೇಕು: ರಬ್ಬರ್ ಬಿಲ್ಲೆ, ಸಿದ್ಧ ಹಲಗೆ, ಶಹಾಬಾದ್ ಪರಸಿ

ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಕೊಂಡವರಿಗೆ ಸ್ವಲ್ಪ ದಿನಗಳಲ್ಲೇ ಎದುರಾಗುವ ಪ್ರಶ್ನೆ, ಅದರ ಅಡಿಗೆ ಕಂಪನ ತಡೆಯುವ ಹಲಗೆ ಬೇಕೇ, ಬೇಕಾದರೆ ಯಾವುದು ಎಂಬುದು. ನನ್ನ ಬಳಿ ಇರುವುದು ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2. ತೂಕ ಸುಮಾರು 12 ಕೆಜಿ. ಅದನ್ನು ಕಲಬುರಗಿಯ ನಮ್ಮ ಕೆಳಮನೆಯಲ್ಲಿ ಸೋರ್ಬೋಥೇನ್ ಎಂಬ ಕಂಪನ ಹೀರುವ ಮೆತ್ತನೆ ರಬ್ಬರಿನಂಥ ವಸ್ತುವಿನ ಬಿಲ್ಲೆಗಳ ಮೇಲೆ, ಐಸೋಅಕೌಸ್ಟಿಕ್ಸ್ ಕಂಪನಿಯ ಝಾಜೆನ್ ಹಲಗೆಯ ಮೇಲೆ, ಆಮೇಲೆ ನಾಲ್ಕು ಸ್ಪ್ರಿಂಗ್‌ಗಳ ಮೇಲೆ ಕೂರಿಸಿದ ಶಹಾಬಾದ್ ಪರಸಿಯ, ಅಂದರೆ ಸುಣ್ಣಕಲ್ಲಿನ ಚಪ್ಪಡಿಯ, ಮೇಲೆ ಇಟ್ಟು ಕೇಳಿದ್ದೇನೆ. ನೆಲಮಹಡಿಯಲ್ಲಿ ಇರುವವರಿಗೆ ಪರಸಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಲ್ಮಹಡಿಯವರ ಉತ್ತರ ಬೇರೆಯೇ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ರೆಕಾರ್ಡಿನ ಗೆರೆಯಲ್ಲಿ ಸೂಜಿ ಓದುವ ಏರಿಳಿತಗಳನ್ನು ಮೈಕ್ರಾನ್‌ಗಳಲ್ಲಿ ಅಳೆಯಬೇಕು. ನೆಲದಿಂದ ಬಂದ ಅಲುಗಾಟ ಯಾವುದು, ಗೆರೆಯಲ್ಲಿ ಕೆತ್ತಿದ ಸಂಗೀತ ಯಾವುದು ಎಂದು ಸೂಜಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಸಮ ಕಳಿಸುತ್ತದೆ. ಇದರ ಜೊತೆಗೆ, ರೆಕಾರ್ಡ್ ಕೆತ್ತುವಾಗ ತಗ್ಗಿಸಿದ ಮಂದ್ರ ಧ್ವನಿಯನ್ನು ಸೂಜಿಯ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಫೋನೋ ಆಂಪ್ಲಿಫೈಯರ್ ಮತ್ತೆ ಏರಿಸಬೇಕಾಗುತ್ತದೆ. ರೆಕಾರ್ಡ್ ತಯಾರಕರೆಲ್ಲ ಅನುಸರಿಸುವ ಆರ್‌ಐಎಎ ಕ್ರಮದ ಪ್ರಕಾರ 1,000 ಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನಲ್ಲಿ ಈ ಏರಿಕೆ ಸುಮಾರು 19 ಡೆಸಿಬಲ್, ಅಂದರೆ ಒಂಬತ್ತು ಪಟ್ಟಿಗಿಂತ ತುಸು ಹೆಚ್ಚು. ಹೀಗಾಗಿ ಕಿವಿಗೆ ಕೇಳಿಸದಷ್ಟು ಕೆಳಗಿನ ಅಲುಗಾಟವೂ ದೊಡ್ಡದಾಗಿ ಸ್ಪೀಕರಿನ ಪೊರೆಯನ್ನು ಹಿಂದೆ ಮುಂದೆ ಆಡಿಸುತ್ತದೆ, ಅದರ ಮೇಲೆ ಹಾಡುವ ಕಂಠ ಮಸುಕಾಗುತ್ತದೆ.

ಯಾವುದೇ ಹಲಗೆಯನ್ನು ಆರಿಸುವ ಮೊದಲು ಒಂದು ಲೆಕ್ಕವನ್ನು ತಿಳಿದಿರಬೇಕು. ಸೂಜಿಯನ್ನು ಹಿಡಿದಿರುವ ಕಾರ್ಟ್ರಿಡ್ಜ್ ಮತ್ತು ಅದನ್ನು ಹೊತ್ತ ತೋಳಾದ ಟೋನ್‌ಆರ್ಮ್ ಸೇರಿ ತಮ್ಮದೇ ಒಂದು ಕಂಪನಾಂಕವನ್ನು, ಅಂದರೆ ಸೆಕೆಂಡಿಗೆ ಇಷ್ಟು ಸಲ ಎಂದು ತಾವಾಗಿ ಅದುರುವ ವೇಗವನ್ನು, ಹೊಂದಿರುತ್ತವೆ. ಸರಿಯಾಗಿ ಹೊಂದಿಸಿದ ಜೋಡಿಯಲ್ಲಿ ಅದು 8ರಿಂದ 12 ಹರ್ಟ್ಸ್ ನಡುವೆ ಇರುತ್ತದೆ. ಅಡಿಗೆ ಹಾಕುವ ಮೆತ್ತೆಗೂ ಸ್ಪ್ರಿಂಗಿಗೂ ಅಂಥದೇ ಸ್ವಂತ ಕಂಪನಾಂಕವಿದೆ. ಹೊರೆ ಬಿದ್ದಾಗ ಸ್ಪ್ರಿಂಗ್ ಎಷ್ಟು ಮಿಲಿಮೀಟರ್ ಕುಗ್ಗಿತೋ ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿದರೆ ಅದು ಹರ್ಟ್ಸ್‌ನಲ್ಲಿ ಸಿಗುತ್ತದೆ. 2 ಮಿಲಿಮೀಟರ್ ಮಾತ್ರ ಕುಗ್ಗಿದರೆ 11 ಹರ್ಟ್ಸ್. ಅದು ನೇರವಾಗಿ ಟೋನ್‌ಆರ್ಮಿನ ದುರ್ಬಲ ಜಾಗಕ್ಕೇ ಹೋಗಿ ಕೂರುತ್ತದೆ. 10 ಮಿಲಿಮೀಟರ್ ಕುಗ್ಗಿದರೆ 5 ಹರ್ಟ್ಸ್. ಸ್ವಂತ ಕಂಪನಾಂಕದ ಹತ್ತಿರ ಯಾವ ಸ್ಪ್ರಿಂಗೂ ಅಲುಗಾಟವನ್ನು ತಡೆಯುವುದಿಲ್ಲ, ಹೆಚ್ಚಿಸುತ್ತದೆ, ಅದರ 1.4 ಪಟ್ಟು ದಾಟಿದ ಮೇಲೆಯೇ ತಡೆ ಶುರುವಾಗುತ್ತದೆ. ಅಗ್ಗದ ಗಟ್ಟಿ ರಬ್ಬರ್ ಪಾದಗಳನ್ನು ಹಾಕಿ ಏನೂ ಬದಲಾಗಲಿಲ್ಲ ಎನ್ನುವವರ ಅನುಭವಕ್ಕೆ ಕಾರಣ ಇದೇ.

ಸೋರ್ಬೋಥೇನ್ ಒಳ್ಳೆಯ ವಸ್ತು, ಆದರೆ ಅದನ್ನು ತೂಕ ನೋಡಿಯೇ ಕೊಳ್ಳಬೇಕು. ಹೊರೆ ಕಡಿಮೆಯಾದರೆ ಅದು ಕುಗ್ಗುವುದೇ ಇಲ್ಲ, ಹೆಚ್ಚಾದರೆ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ವಾರ್ನಿಶ್ ಮಾಡಿದ ಮರದ ಮೇಲೆ ಇಂಥ ಮೆತ್ತೆಗಳು ಜಿಡ್ಡಿನ ಕಲೆ ಬಿಡುವುದುಂಟು, ಆದ್ದರಿಂದ ನಡುವೆ ತೆಳುವಾದ ಲೋಹದ ಬಿಲ್ಲೆ ಇಡುವುದು ಲೇಸು. ಝಾಜೆನ್ ಹಲಗೆಯನ್ನು ಇಟ್ಟರೆ ಆಯಿತು, ಮತ್ತೇನೂ ಮಾಡಬೇಕಾಗಿಲ್ಲ. ಟರ್ನ್‌ಟೇಬಲ್ ತೂಗಾಡುವುದಿಲ್ಲ, ಮೇಜನ್ನು ಬೆರಳಿನಿಂದ ತಟ್ಟಿದರೆ ಬರುವ ಸದ್ದು ಚೆನ್ನಾಗಿಯೇ ತಗ್ಗುತ್ತದೆ. ಚಿಕ್ಕ ಮಾದರಿಯ ಮಿತಿ ಸುಮಾರು 11 ಕೆಜಿ, ದೊಡ್ಡದರದು ಸುಮಾರು 18 ಕೆಜಿ. ಟೆಕ್ನಿಕ್ಸ್ ಇರುವವರು ದೊಡ್ಡದನ್ನೇ ತರಿಸಬೇಕು. ಕೈಕೆಲಸಕ್ಕೆ ಪುರುಸೊತ್ತಿಲ್ಲದವರಿಗೆ ನಾನು ಇದನ್ನೇ ಹೇಳುತ್ತೇನೆ.

ನಮ್ಮ ಜಿಲ್ಲೆಯವರಿಗೆ ಮಾತ್ರ ಇನ್ನೊಂದು ದಾರಿ ಮನೆಯ ಪಕ್ಕದಲ್ಲೇ ಇದೆ. ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯ ಸುಣ್ಣಕಲ್ಲು ನೆಲದೊಳಗೆ ಪದರು ಪದರಾಗಿಯೇ ಇರುವುದರಿಂದ ಸಮತಟ್ಟಾದ ಚಪ್ಪಡಿಯಾಗಿ ಏಳುತ್ತದೆ. ನಾನು ಆರಿಸಿದ್ದು 50 ಸೆಂಟಿಮೀಟರ್ ಉದ್ದ, 40 ಅಗಲ, ಎರಡೂವರೆ ದಪ್ಪದ ಪಾಲಿಶ್ ಪರಸಿ. ತೂಕ ಸುಮಾರು 13 ಕೆಜಿ. ಆರಿಸುವಾಗ ಚಪ್ಪಡಿಯನ್ನು ಒಂದು ಅಂಚಿನ ಮೇಲೆ ನಿಲ್ಲಿಸಿ, ಮೇಲಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ನಡುವೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಒಡಕಿಲ್ಲದ ಕಲ್ಲು ಠಣ್ಣೆಂದು ನುಡಿಯುತ್ತದೆ, ಒಳಗೆ ಎಳೆ ಬಿರುಕಿದ್ದರೆ ಮಂಕು ಸದ್ದು ಬರುತ್ತದೆ. ಆದರೆ ಒಡಕಿಲ್ಲದ ಕಲ್ಲಿನ ಆ ನುಡಿತವೇ ಟರ್ನ್‌ಟೇಬಲ್‌ಗೆ ಬೇಡದ್ದು. ಕಾರಿನ ಬಾಗಿಲಿನ ಒಳಗೆ ಅಂಟಿಸುವ ಡಾಂಬರಿನಂಥ ಡ್ಯಾಂಪಿಂಗ್ ಹಾಳೆಯನ್ನು ಚಪ್ಪಡಿಯ ಅಡಿಗೆ ಒತ್ತಿ ಅಂಟಿಸಿದರೆ ನುಡಿತ ಅಲ್ಲೇ ಸಾಯುತ್ತದೆ. ತಟ್ಟಿದರೆ ಟಪ್ ಎಂದಷ್ಟೇ ಕೇಳುತ್ತದೆ.

ಪರಸಿಯನ್ನು ನೇರವಾಗಿ ಮೇಜಿನ ಮೇಲೆ ಹಾಕಿದರೆ ಮೇಜು ಭಾರವಾಗುತ್ತದೆಯೇ ಹೊರತು ಕಂಪನ ನಿಲ್ಲುವುದಿಲ್ಲ. ಕೆಲಸ ಮಾಡುವುದು ಅದರ ಅಡಿಯ ಸ್ಪ್ರಿಂಗ್. ಕಲ್ಲು, ಟರ್ನ್‌ಟೇಬಲ್ ಎರಡೂ ಸೇರಿ 25 ಕೆಜಿ, ಒಂದೊಂದು ಸ್ಪ್ರಿಂಗಿಗೆ ಆರು ಕೆಜಿಯ ಮೇಲೆ ಹೊರೆ. ಅರ್ಧ ಕೆಜಿಗೆ ಒಂದು ಮಿಲಿಮೀಟರ್ ಕುಗ್ಗುವ ಸ್ಪ್ರಿಂಗ್ ಹಾಕಿದರೆ ಹನ್ನೆರಡೂವರೆ ಮಿಲಿಮೀಟರ್ ಕುಗ್ಗಿ, ಕಂಪನಾಂಕ 4.5 ಹರ್ಟ್ಸ್‌ನ ಆಸುಪಾಸಿಗೆ ಇಳಿಯುತ್ತದೆ. ಟರ್ನ್‌ಟೇಬಲಿನ ಭಾರ ನಾಲ್ಕೂ ಮೂಲೆಗೆ ಸಮನಾಗಿ ಬೀಳುವುದಿಲ್ಲವಾದ್ದರಿಂದ, ರಸಮಟ್ಟವನ್ನು ತಟ್ಟೆಯ ಮೇಲಿಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಸ್ಪ್ರಿಂಗ್‌ಗಳನ್ನು ಆಚೀಚೆ ಸರಿಸಬೇಕಾಗುತ್ತದೆ. ಇದು ತಾಳ್ಮೆ ಬೇಡುವ ಕೆಲಸ, ಅವಸರ ಮಾಡಬಾರದು.

ಇದರ ಫಲ ಬೇಸಿಗೆಯಲ್ಲಿ ಗೊತ್ತಾಗುತ್ತದೆ. ಬಿಸಿಲು 42 ಡಿಗ್ರಿ ದಾಟುವ ನಮ್ಮೂರಿನಲ್ಲಿ ಏಪ್ರಿಲ್, ಮೇ ತಿಂಗಳು ಕೂಲರ್ ಇಲ್ಲದೆ ಕೂತು ಕೇಳುವುದು ಸಾಧ್ಯವಿಲ್ಲ. ನಿಮಿಷಕ್ಕೆ 1,400 ಸುತ್ತುವ ಕೂಲರ್ ಮೋಟರಿನ ಫ್ಯಾನು ತುಸು ಓಲಿದರೂ 23 ಹರ್ಟ್ಸ್‌ನ ನಡುಕ ಕಿಟಕಿ, ಗೋಡೆ, ನೆಲದ ಮೂಲಕ ಮೇಜಿಗೆ ಬರುತ್ತದೆ. 4.5 ಹರ್ಟ್ಸ್‌ನ ಸ್ಪ್ರಿಂಗ್ ಲೆಕ್ಕದ ಪ್ರಕಾರ ಅದರಲ್ಲಿ ಇಪ್ಪತ್ತೈದನೆಯ ಒಂದು ಪಾಲನ್ನಷ್ಟೇ ಮೇಲಕ್ಕೆ ಬಿಡುತ್ತದೆ. ಪರೀಕ್ಷೆಗೆ ನಾನು ಹಾಕುವುದು ಖಯಾಲ್ ಗಾಯನದ ಹಳೆಯ ಎಲ್‌ಪಿಗಳನ್ನು. ಆಲಾಪದ ಮೊದಲಲ್ಲಿ ತಂಬೂರಿಯ ಖರ್ಜದ ತಂತಿ ಸುಮಾರು 70 ಹರ್ಟ್ಸ್‌ನಲ್ಲಿ ನುಡಿಯುವಾಗ, ಪರಸಿಯಿಲ್ಲದಿದ್ದರೆ ಅದರ ಸುತ್ತ ಒಂದು ಗುಂಯ್‌ಗುಟ್ಟುವಿಕೆ ಅಂಟಿಕೊಂಡಿರುತ್ತದೆ. ಪರಸಿಯ ಮೇಲೆ ತಂತಿಯ ಪ್ರತಿಯೊಂದು ಮೀಟೂ ಬಿಡಿಬಿಡಿಯಾಗಿ ಕೇಳಿ, ಆಮೇಲೆ ಒಂದರೊಳಗೊಂದು ಕರಗುತ್ತದೆ. ಈ ವ್ಯತ್ಯಾಸಕ್ಕಾಗಿ ಇಷ್ಟು ಶ್ರಮಪಡುವುದು ಸಾರ್ಥಕವೆಂದು ಮನಸಾರೆ ಹೇಳುತ್ತೇನೆ.

ಎರಡು ಕಡೆ ಮಾತ್ರ ಈ ಪರಸಿಯನ್ನು ಬಳಸಬಾರದು. ಲಿನ್ ಎಲ್‌ಪಿ12, ಥೋರೆನ್ಸ್ ಟಿಡಿ 160ರಂಥ ಟರ್ನ್‌ಟೇಬಲ್‌ಗಳ ಒಳಗೇ ಸ್ಪ್ರಿಂಗ್ ಇದೆ. ಅದರ ಅಡಿಗೆ ಮತ್ತೊಂದು ಸ್ಪ್ರಿಂಗ್ ಹಾಕಿದರೆ ಎರಡೂ ಒಂದನ್ನೊಂದು ಆಡಿಸುತ್ತವೆ. ಇನ್ನೊಂದು, ನಡೆದರೆ ಅದುರುವ ಮೇಲ್ಮಹಡಿ. ಮನುಷ್ಯ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಹಾಕುತ್ತಾನೆ, ಅಂದರೆ 2 ಹರ್ಟ್ಸ್, ಅದರ ಇಮ್ಮಡಿ 4. ಅದು ಸ್ಪ್ರಿಂಗಿನ ಸ್ವಂತ ಕಂಪನಾಂಕಕ್ಕೆ ಹತ್ತಿರವಾದ್ದರಿಂದ ಹಲಗೆ ತೂಗತೊಡಗುತ್ತದೆ, ಸೂಜಿ ಗೆರೆ ಹಾರಬಹುದು. ಅಲ್ಲಿ ಗೋಡೆಗೆ ಹೊಡೆದ ಕಬ್ಬಿಣದ ಬ್ರಾಕೆಟ್ಟಿನ ಮೇಲೆ ಹಗುರವಾದ ಗಟ್ಟಿ ಹಲಗೆಯೇ ಸರಿ, ಏಕೆಂದರೆ ಹೆಜ್ಜೆಗೆ ನೆಲ ಬಗ್ಗುವಷ್ಟು ಗೋಡೆ ಬಗ್ಗುವುದಿಲ್ಲ. ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹೊಸ ಕಟ್ಟಡಗಳಲ್ಲಿ ನಾಲ್ಕಿಂಚಿನ ಅಡ್ಡಗೋಡೆಯನ್ನು ಬಿಟ್ಟು ಒಂಬತ್ತು ಇಂಚಿನ ಹೊರಗೋಡೆಯನ್ನು ಹುಡುಕಿ, ಕೂಲರ್ ಇರುವ ಕಿಟಕಿಯಿಂದ ದೂರಕ್ಕೆ ಬ್ರಾಕೆಟ್ ಹೊಡೆಸಬೇಕು.