ಘಟ್ಟದ ಮೇಲೆ ಹಾಕಿಸಿದ ಜೆಟ್ಟನ್ನು ಕೆಳಗೆ ಬಂದ ಮೇಲೂ ಹಾಗೇ ಬಿಡಬೇಡಿ

ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಎಟಿವಿಯನ್ನೋ (ನಾಲ್ಕು ಚಕ್ರದ, ಬೈಕ್ ಥರದ ಗಾಡಿ) ಬೈಕನ್ನೋ ಘಟ್ಟದ ಮೇಲೆ ಕೊಂಡುಹೋಗುವವರು ದಯವಿಟ್ಟು ಓದಿ. ಜೆಟ್ ಅಂದರೆ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು. ನನ್ನ ಎಟಿವಿಯ ಇಂಜಿನ್ ಕಳೆದ ತಿಂಗಳು ಜಾಮ್ ಆಯಿತು. ತಪ್ಪಿಸಬಹುದಾಗಿದ್ದ ನಷ್ಟ ಅದು.

ಬ್ರಹ್ಮಾವರದ ಹತ್ತಿರ ನಮ್ಮ ತೋಟ. ತೆಂಗಿನಕಾಯಿ, ಗೊಬ್ಬರ ಸಾಗಿಸಲು ಒಂದು ಹಳೇ ಎಟಿವಿ ಇಟ್ಟುಕೊಂಡಿದ್ದೇನೆ. ಅಕ್ಕ ಭಾವನ ಕಾಫಿ ತೋಟ ಇರುವುದು ಬಾಬಾಬುಡನ್‌ಗಿರಿ ಕಡೆ, ಸುಮಾರು 1,400 ಮೀಟರ್ ಎತ್ತರದಲ್ಲಿ. ಕೊಯ್ಲಿನ ಹೊತ್ತಿಗೆ ಗಾಡಿ ಬೇಕಿತ್ತು ಅಂತ ಭಾವ ಕೇಳಿದರು. ಪಿಕಪ್‌ಗೆ ಹತ್ತಿಸಿ ಕಾರ್ಕಳ, ಕುದುರೆಮುಖ ದಾರಿಯಲ್ಲಿ ಕೊಂಡುಹೋದೆ.

ಅಲ್ಲಿ ನೋಡಿದರೆ ಗಾಡಿಗೆ ಎಳೆತವೇ ಇಲ್ಲ. ಫುಲ್ ಥ್ರಾಟಲ್ ಕೊಟ್ಟರೆ ಮಿಸ್ ಹೊಡೆಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, 1,000 ಮೀಟರ್‌ಗೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು. ಜೆಟ್ ಮಾತ್ರ ಅದೇ ತೂತಿನದು, ಪೆಟ್ರೋಲ್ ಅಷ್ಟೇ ಲೆಕ್ಕದಲ್ಲಿ ಕಮ್ಮಿಯಾಗುವುದಿಲ್ಲ. ಹಾಗಾಗಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗುತ್ತದೆ. ಇಂಜೆಕ್ಷನ್ ಗಾಡಿಯಾದರೆ ಸೆನ್ಸರೇ ಸರಿಮಾಡಿಕೊಳ್ಳುತ್ತದೆ.

ಅಲ್ಲಿನ ಮೆಕ್ಯಾನಿಕ್ ಒಬ್ಬರು 120ರ ಮೇನ್ ಜೆಟ್ ತೆಗೆದು 110 ಹಾಕಿದರು (ನಂಬರ್ ಕಮ್ಮಿಯಾದರೆ ತೂತು ಸಣ್ಣದು). ಗಾಡಿ ಚುರುಕಾಯಿತು. ಭಾವನೂ ಖುಷಿ, ನಾನೂ ಖುಷಿ. ತೆಗೆದ ಜೆಟ್ ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ. ಕೆಳಗೆ ಹೋದ ಮೇಲೆ ವಾಪಸ್ ಹಾಕಿಸಬೇಕು ಅಂತ ಅವರೂ ಹೇಳಲಿಲ್ಲ. ಬೆರಳ ತುದಿಯಷ್ಟೂ ಇಲ್ಲದ ಹಿತ್ತಾಳೆ ತುಂಡು ಅದು, ಮೇಲೆ ನಂಬರ್ ಕೊರೆದಿರುತ್ತದೆ. ಬಿಚ್ಚಿಸಿದರೆ ಕೇಳಿ ಕಿಸೆಗೆ ಹಾಕಿಕೊಳ್ಳಿ.

ಕೊಯ್ಲು ಮುಗಿಸಿ ಊರಿಗೆ ತಂದೆ. ಇಲ್ಲಿ ಹೆಚ್ಚುಕಡಿಮೆ ಸಮುದ್ರ ಮಟ್ಟ, ಗಾಳಿ ದಟ್ಟ. ಥ್ರಾಟಲ್ ಬಿಟ್ಟಾಗಲೆಲ್ಲ ಸೈಲೆನ್ಸರ್‌ನಲ್ಲಿ ಪಟ್ ಪಟ್ ಅನ್ನುತ್ತಿತ್ತು. ಐಡ್ಲಿಂಗ್ ಕೂಡಲೇ ಇಳಿಯುತ್ತಿರಲಿಲ್ಲ. ಕಾರ್ಬ್ಯುರೇಟರ್‌ನಲ್ಲಿ ಕಸ ಇರಬೇಕು ಅಂದುಕೊಂಡು ಸುಮ್ನೆ ಓಡಿಸಿದೆ. ಅದೇ ಮೊದಲ ಸೂಚನೆ, ನನಗೆ ಗೊತ್ತಾಗಲಿಲ್ಲ.

ಮೂರನೇ ದಿನ ತೆಂಗಿನಕಾಯಿ ತುಂಬಿದ ಟ್ರೈಲರ್ ಎಳೆದುಕೊಂಡು ತೋಟದಿಂದ ಅಂಗಳಕ್ಕೆ ಏರು ಹತ್ತಿಸುತ್ತಿದ್ದೆ. ಫುಲ್ ಥ್ರಾಟಲ್. ಕಾಲಿಗೆ ಕೆಂಡ ತಾಗಿದ ಹಾಗೆ ಬಿಸಿ ಹೊಡೆಯಿತು. ಶಕ್ತಿ ಇಳಿಯುತ್ತಾ ಬಂತು, ಆಮೇಲೆ ಕರ್ ಅಂತ ನಿಂತೇಬಿಟ್ಟಿತು. ಸೆಲ್ಫ್ ಒತ್ತಿದರೆ ಟಕ್ ಅಂತ ಒಂದೇ ಶಬ್ದ.

ಉಡುಪಿಯಲ್ಲಿ ಹೆಡ್ ಬಿಚ್ಚಿಸಿದೆ. ಪ್ಲಗ್‌ನ ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗೆ. ಪಿಸ್ಟನ್ ಬದಿಯಲ್ಲಿ ಉದ್ದುದ್ದ ಗೀರು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು, "ಜೆಟ್ ಬದಲಿಸಿದ್ರಾ ಮಾರಾಯ್ರೇ?" ಆ ಎತ್ತರಕ್ಕೆ 115 ಧಾರಾಳ ಸಾಕಿತ್ತು, 110 ಅಲ್ಲಿಗೇ ಕಮ್ಮಿ ಅಂದರು. ಕೆಳಗಿನ ದಟ್ಟ ಗಾಳಿಗೆ ಪೆಟ್ರೋಲ್ ಇನ್ನೂ ಕಮ್ಮಿ. ಪೆಟ್ರೋಲ್ ಕಮ್ಮಿಯಾದರೆ ಇಂಜಿನ್ ಒಳಗೆ ಬಿಸಿ ಏರುತ್ತದೆ, ಪಿಸ್ಟನ್ ಹಿಗ್ಗಿ ಬೋರ್‌ಗೆ (ಸಿಲಿಂಡರ್ ಒಳಗೋಡೆಗೆ) ಹಿಡಿದುಕೊಳ್ಳುತ್ತದೆ. ಬೋರಿಂಗ್, ಪಿಸ್ಟನ್ ಕಿಟ್, ಕೂಲಿ ಎಲ್ಲ ಸೇರಿ 14,000 ರೂಪಾಯಿ.

ಪೆಟ್ರೋಲ್ ಜಾಸ್ತಿಯಾದರೆ ಪ್ಲಗ್ ಕೆಡುತ್ತದೆ, ಮೈಲೇಜ್ ಹೋಗುತ್ತದೆ, ಅಷ್ಟೇ ಅಲ್ವಾ. ಕಮ್ಮಿಯಾದರೆ ಇಂಜಿನ್ನೇ ಹೋಗುತ್ತದೆ. ಹಾಗಾಗಿ ಮುಳ್ಳಯ್ಯನಗಿರಿ ಕಡೆಗೆ, 1,930 ಮೀಟರ್‌ಗೇ ಹೋದರೂ, ಎರಡು ದಿನದ ತಿರುಗಾಟವಾದರೆ ಜೆಟ್ ಮುಟ್ಟಲೇಬೇಡಿ. ಸ್ವಲ್ಪ ಮಂದ ಓಡಲಿ, ಏರ್ ಫಿಲ್ಟರ್ ಕ್ಲೀನ್ ಇಟ್ಟುಕೊಳ್ಳಿ. ಲಡಾಖ್ ಥರದ ಎತ್ತರವಾದರೆ ಮಾತ್ರ ಬದಲಿಸಬೇಕಾಗುತ್ತದೆ. ಆಗಲೂ ಒಂದೊಂದೇ ಸೈಜ್ ಇಳಿಸಿ, ಪ್ರತಿ ಸಲ ಪ್ಲಗ್ ನೋಡಿ. ಕಂದು ಬಣ್ಣ ಇದ್ದರೆ ಸರಿ.

ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ (ಗಾಳಿ, ಪೆಟ್ರೋಲ್ ಪಾಲು ಹೊಂದಿಸುವಂಥದ್ದು) ತಿರುಗಿಸುವ ಮೊದಲು ಅದು ಯಾವ ಬದಿಯಲ್ಲಿದೆ ನೋಡಿ. ಏರ್ ಫಿಲ್ಟರ್ ಕಡೆ ಇದ್ದರೆ ಗಾಳಿಯದು, ಬಿಚ್ಚಿದಷ್ಟೂ ಪೆಟ್ರೋಲ್ ಪಾಲು ಕಮ್ಮಿ. ಇಂಜಿನ್ ಕಡೆ ಇದ್ದರೆ ಉಲ್ಟಾ.

ಘಟ್ಟದ ಮೇಲೆ ಜೆಟ್ ಹಾಕಿಸಿಕೊಂಡು ಬಂದು ಈಗ ಇಲ್ಲಿ ಓಡಿಸುತ್ತಿರುವವರು ಇವತ್ತೇ ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಹಳೇ ಜೆಟ್ ಹಾಕಿಸಿದ ಮೇಲೆಯೇ ಮತ್ತೆ ಓಡಿಸಿ.