ಹಳೇ ಇಂಟೆಲ್ ಮ್ಯಾಕ್‌ಬುಕ್ ಏರ್: ಆನ್ ಮಾಡುವಾಗ ಒತ್ತುವ ಕೀಗಳ ಬಗ್ಗೆ ವಿಮರ್ಶೆ

ನನ್ನದು 2017ರ ಮ್ಯಾಕ್‌ಬುಕ್ ಏರ್. ಮದುವೆ ಪತ್ರಿಕೆ, ಪುಸ್ತಕದ ಪುಟ ಕಟ್ಟುವುದು, ಎಲ್ಲಾ ಇದರಲ್ಲೇ. ಬ್ಯಾಟರಿ, ಸ್ಕ್ರೀನ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಇಷ್ಟು ವರ್ಷ ಆದರೂ ಇದು ಮೂಲೆ ಸೇರಿಲ್ಲ ಅಂದರೆ ಆನ್ ಮಾಡುವಾಗ ಒತ್ತಿ ಹಿಡಿಯುವ ಕೆಲವು ಕೀಗಳೇ ಕಾರಣ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಶಿಫ್ಟ್. ಪವರ್ ಬಟನ್ ಒತ್ತಿದ ಕೂಡಲೇ ಶಿಫ್ಟ್ ಹಿಡಿದುಕೊಂಡು, ಲಾಗಿನ್ ಪರದೆ ಬಂದ ಮೇಲೆ ಬಿಟ್ಟರೆ ಸೇಫ್ ಮೋಡ್. ಮೇಲ್ಗಡೆ ಕೆಂಪಕ್ಷರದಲ್ಲಿ 'ಸೇಫ್ ಬೂಟ್' ಅಂತ ಕಾಣಿಸುತ್ತದೆ. ಡಿಸ್ಕ್ ಪರೀಕ್ಷೆಯೂ ಆಗುವುದರಿಂದ ಏಳುವುದು ಸ್ವಲ್ಪ ನಿಧಾನ. ತಾವಾಗೇ ಶುರುವಾಗುವ ಆ್ಯಪ್‌ಗಳು ಬರುವುದಿಲ್ಲ, ನಾವು ಹಾಕಿಕೊಂಡ ಫಾಂಟ್‌ಗಳೂ ಬರುವುದಿಲ್ಲ. ಕನ್ನಡ ಡಿಟಿಪಿ ಮಾಡುವವರಿಗೆ ಇದು ದೊಡ್ಡ ಅನುಕೂಲ. ಒಮ್ಮೆ ಲೇಔಟ್ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಸೇಫ್ ಮೋಡ್‌ನಲ್ಲಿ ಆರಾಮಾಗಿ ತೆರೆಯಿತು. ಫಾಂಟ್ ಪಟ್ಟಿ ನೋಡಿದರೆ ಮ್ಯಾಕ್ ಜೊತೆಗೇ ಬರುವ ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಥರದವು ಮಾತ್ರ. ಗಿರಾಕಿಯೊಬ್ಬರು ಕಳಿಸಿದ್ದ ಅಲಂಕಾರದ ಫಾಂಟ್ ಮೇಲೆ ಅನುಮಾನ ಬಂತು. ಅದನ್ನು ತೆಗೆದು ರೀಸ್ಟಾರ್ಟ್ ಮಾಡಿದೆ, ಸರಿಹೋಯಿತು.

ಇನ್ನೊಂದು ಕಮಾಂಡ್, ಆಪ್ಷನ್, ಪಿ, ಆರ್. ನಾಲ್ಕೂ ಒಟ್ಟಿಗೆ, ಸುಮಾರು 20 ಸೆಕೆಂಡ್. ಬಲಗೈ ಹೆಬ್ಬೆರಳಲ್ಲಿ ಕಮಾಂಡ್-ಆಪ್ಷನ್ ಎರಡನ್ನೂ ಅದುಮಿ, ಅದೇ ಕೈಯ ಇನ್ನೊಂದು ಬೆರಳಲ್ಲಿ ಪಿ, ಎಡಗೈಯಲ್ಲಿ ಆರ್. 'ಡಾಂ' ಅನ್ನುವ ಸದ್ದು ಎರಡನೇ ಸಲ ಕೇಳಿದ ಮೇಲೆ ಕೈ ತೆಗೆಯಬೇಕು. ಸೌಂಡ್, ಸ್ಕ್ರೀನ್ ರೆಸಲ್ಯೂಷನ್, ಯಾವ ಡಿಸ್ಕ್‌ನಿಂದ ಏಳಬೇಕು ಅನ್ನುವಂಥ ಸೆಟ್ಟಿಂಗ್‌ಗಳು ಕೆಟ್ಟಿದ್ದರೆ ಇದು ಸರಿ. ಎಲ್ಲಾ ರೋಗಕ್ಕೂ ಇದೇ ಮದ್ದು ಅನ್ನುವವರಿದ್ದಾರೆ, ಸುಮ್ನೆ ಬೆರಳು ನೋವು.

ಮ್ಯಾಕ್‌ಓಎಸ್ ಹೊಸದಾಗಿ ಹಾಕಬೇಕಿದ್ದರೆ ಕಮಾಂಡ್-ಆರ್. ಜೊತೆಗೆ ಆಪ್ಷನ್ ಸೇರಿಸಿದರೆ ಇಂಟರ್‌ನೆಟ್‌ನಿಂದ ಈ ಮಾಡೆಲ್‌ಗೆ ಸಿಗುವ ಕೊನೆಯ ಆವೃತ್ತಿ, ಅಂದರೆ ಮಾಂಟೆರಿ ಬರುತ್ತದೆ. ಪೆನ್‌ಡ್ರೈವ್‌ನಿಂದ ಏಳಿಸಲು ಆಪ್ಷನ್ ಒಂದೇ ಸಾಕು.

ಒಂದೇ ಬೇಸರ: ಯಾವ ಕೀ ಒತ್ತಬೇಕು ಅಂತ ಪರದೆ ಮೇಲೆ ಎಲ್ಲೂ ಬರುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಫ್2, ಎಫ್12 ಅಂತ ಎಷ್ಟೋ ಸಲ ಒಂದು ಕ್ಷಣವಾದರೂ ಕಾಣುತ್ತದೆ. ಇಲ್ಲಿ ಬಾಯಿಪಾಠ ಮಾಡಬೇಕು. ಬ್ಲೂಟೂತ್ ಕೀಬೋರ್ಡನ್ನಂತೂ ನಂಬಬೇಡಿ, ಲ್ಯಾಪ್‌ಟಾಪಿನ ಕೀಗಳನ್ನೇ ಒತ್ತಿ.

ತಮ್ಮನ ಹತ್ತಿರ ಎಂ1 ಏರ್ ಇದೆ. 2020ರಲ್ಲಿ ಬಂದ ಆ ಚಿಪ್‌ನಿಂದ ಈಚೆಗೆ ಈ ಕಸರತ್ತು ಬೇಕಿಲ್ಲ. ಪವರ್ ಬಟನ್ ಒತ್ತಿ ಹಿಡಿದರೆ ಆಯ್ಕೆಗಳ ಪರದೆಯೇ ಬರುತ್ತದೆ. ಅದೇ ಸುಲಭ, ಒಪ್ಪುತ್ತೇನೆ.

ಸೆಕೆಂಡ್ ಹ್ಯಾಂಡ್ ಇಂಟೆಲ್ ಮ್ಯಾಕ್ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಆಪ್ಷನ್ ಹಿಡಿದು ಆನ್ ಮಾಡಿ. ಬೀಗದ ಚಿತ್ರ ಬಂದು ಪಾಸ್‌ವರ್ಡ್ ಕೇಳಿದರೆ ಅದು ಫರ್ಮ್‌ವೇರ್ ಪಾಸ್‌ವರ್ಡ್. ಮಾರುವವರು ಅಲ್ಲೇ ತೆಗೆದುಕೊಡದಿದ್ದರೆ ಬಿಟ್ಟುಬಿಡಿ. ಬೀಗ ಇಲ್ಲದಿದ್ದರೆ ಡಿ ಹಿಡಿದು ಇನ್ನೊಮ್ಮೆ ಆನ್ ಮಾಡಿ, ಕೆಲವು ನಿಮಿಷ ಕಾಯಿರಿ. ಎಡಿಪಿ000 ಅಂತ ಬಂದರೆ ಹಾರ್ಡ್‌ವೇರ್ ಪರೀಕ್ಷೆಯಲ್ಲಿ ದೋಷ ಸಿಕ್ಕಿಲ್ಲ ಅಂತ ಅರ್ಥ, ಆಮೇಲೆ ಚೌಕಾಸಿ ಶುರು ಮಾಡಿ.