ಒಂದು ಹುಡ್, ಮೂರು ಹಳೆಯ ಲೆನ್ಸ್

ನನ್ನ ಸೋದರಮಾವನ ಜೆನಿತ್ ಕ್ಯಾಮೆರಾ ಮಂಡ್ಯದ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಮಲಗಿತ್ತು. ಷಟರ್ ಸತ್ತುಹೋಗಿತ್ತು, ಚರ್ಮದ ಚೀಲ ಮುಟ್ಟಿದರೆ ಉದುರುತ್ತಿತ್ತು. ಮುಂದಿದ್ದ ಹೀಲಿಯೋಸ್ 44-2 ಲೆನ್ಸ್ ಮಾತ್ರ ಗುಂಡುಕಲ್ಲಿನಂತಿತ್ತು. "ರೀಲು ಎಲ್ಲಿಂದ ತರುತ್ತೀಯೋ?" ಎಂದರು ಮಾವ. ರೀಲು ಬೇಡ ಮಾವ, ಹಳೆಯ ಲೆನ್ಸನ್ನು ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸುವ ಉಂಗುರ, ಅಡಾಪ್ಟರ್, ಸಾಕು ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಆ ಹುಚ್ಚು ಹಿಡಿದ ಮೇಲೆ ಇನ್ನೆರಡು ಬಂದವು. ಮೈಸೂರಿನಲ್ಲಿ ಬಾಗಿಲು ಹಾಕುತ್ತಿದ್ದ ಸ್ಟುಡಿಯೊ ಒಂದರಿಂದ 1,800 ರೂಪಾಯಿಗೆ ಪೂರ್ವ ಜರ್ಮನಿಯ ಪೆಂಟಕಾನ್ 50 ಎಂಎಂ ಎಫ್/1.8, ಆನ್‌ಲೈನ್‌ನಲ್ಲಿ 4,500ಕ್ಕೆ ಜಪಾನಿನ ಸೂಪರ್ ಟಾಕುಮಾರ್ 55 ಎಂಎಂ ಎಫ್/1.8. (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಬೆಳಕಿನ ಕಿಂಡಿ ದೊಡ್ಡದು.) ಮೂರೂ 42 ಮಿಲಿಮೀಟರ್ ತಿರುಪಿನ ಎಂ42 ಲೆನ್ಸ್‌ಗಳು, ಮೂರರ ಮುಂಭಾಗಕ್ಕೂ ಹಿಡಿಯುವುದು 49 ಎಂಎಂ ಫಿಲ್ಟರ್. ಹಾಗಾಗಿ ನನ್ನ ಡಿಜಿಟಲ್ ಕ್ಯಾಮೆರಾ ಸೋನಿ ಎ6000ಕ್ಕೆ ಒಂದೇ ಅಡಾಪ್ಟರ್, ಅಡ್ಡ ಬೆಳಕು ತಡೆಯಲು ಲೆನ್ಸಿನ ಮುಂದೆ ಹಾಕುವ ಒಂದೇ ರಬ್ಬರ್ ಹುಡ್ ಸಾಕು ಎಂದುಕೊಂಡೆ. ಹಳೆಯ ಲೆನ್ಸನ್ನು ಕ್ಯಾಮೆರಾ ಗುರುತಿಸುವುದಿಲ್ಲ, ಹಾಗಾಗಿ ಲೆನ್ಸ್ ಇಲ್ಲದಿದ್ದರೂ ಷಟರ್ ಒತ್ತಲು ಮೆನುವಿನಲ್ಲಿ ಅನುಮತಿ ಕೊಡಬೇಕು. ಇದು ತಿಳಿಯದೆ ಒಂದು ಇಡೀ ಸಂಜೆ ಕ್ಯಾಮೆರಾ ಕೆಟ್ಟಿದೆ ಎಂದೇ ಕೂತಿದ್ದೆ.

ಹೀಲಿಯೋಸಿನ ಖ್ಯಾತಿಯೆಲ್ಲ ಹಿನ್ನೆಲೆ ಸುಳಿಸುಳಿಯಾಗಿ ತಿರುಗುವುದರಲ್ಲಿದೆ. ಕಾರಂಜಿ ಕೆರೆಯ ದಂಡೆಯಲ್ಲಿ ತಂಗಿಯನ್ನು ನಿಲ್ಲಿಸಿ, ಹಿಂದೆ ಎಲೆಗಳ ನಡುವೆ ಬಿಸಿಲು ಇಣುಕುವ ಜಾಗ ಹುಡುಕಿ, ಎಫ್/2ರಲ್ಲಿ ನಲವತ್ತು ಫೋಟೊ ತೆಗೆದೆ. ಸುಳಿ ಕಂಡದ್ದು ನಾಲ್ಕರಲ್ಲಿ, ಅದೂ ಹುಡುಕಿದರೆ. ಕಾರಣ ಸರಳ: ಸುಳಿ ಹುಟ್ಟುವುದು ಚೌಕಟ್ಟಿನ ಅಂಚಿನಲ್ಲಿ, ರೀಲಿನ ಚೌಕಟ್ಟಿಗಿಂತ ಚಿಕ್ಕದಾದ ನನ್ನ ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸಿಬಿಡುತ್ತದೆ. ಹೀಲಿಯೋಸಿನ 58 ಎಂಎಂ ಇದರಲ್ಲಿ 87 ಎಂಎಂನಷ್ಟು ಇಕ್ಕಟ್ಟಾಗಿ ನೋಡುತ್ತದೆ. ಸುಳಿಗಾಗಿಯೇ ಹೀಲಿಯೋಸ್ ಕೊಳ್ಳುವವರು ರೀಲಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ ಮಾತ್ರ ಕೊಳ್ಳಲಿ. ಇದ್ದರೂ ಹತ್ತನೆಯ ಫೋಟೊದ ಹೊತ್ತಿಗೆ ಆ ಸುಳಿ ಜಾತ್ರೆಯ ರಾಟೆಯಂತೆ ತಲೆ ತಿರುಗಿಸುತ್ತದೆ ಎಂದು ನನ್ನ ಅನುಮಾನ.

ಅದರ ನಿಜವಾದ ದೌರ್ಬಲ್ಯ ಗೊತ್ತಾದದ್ದು ಮಂಡ್ಯದ ಹತ್ತಿರದ ಆಲೆಮನೆಯಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಆವಿಯ ಹಿಂದಿನ ತೆರೆದ ಗೋಡೆಯಿಂದ ಬೆಳಕು ನೇರವಾಗಿ ಲೆನ್ಸಿಗೆ ಬೀಳುತ್ತಿತ್ತು. ಹೀಲಿಯೋಸ್ ತೆಗೆದ ಚಿತ್ರ ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಹುಡ್ ಹಾಕಿದ ಮೇಲೆ ಅರ್ಧ ಸುಧಾರಿಸಿತು. ಅದೇ ಜಾಗದಲ್ಲಿ, ಅದೇ ಹುಡ್ ಹಾಕಿದ ಟಾಕುಮಾರ್ ಬೆಲ್ಲ ಕಲಕುವವರ ಮುಖದ ಬೆವರನ್ನೂ ಆವಿಯ ಎಳೆಗಳನ್ನೂ ಬೇರೆಬೇರೆಯಾಗಿ ಹಿಡಿಯಿತು.

ಆ ಟಾಕುಮಾರ್ ಬಂದ ದಿನ ಗಾಜು ಕಡಕ್ ಚಹಾದ ಬಣ್ಣಕ್ಕಿತ್ತು. ಮಾರಿದವರು "ಗಾಜು ಸ್ವಚ್ಛ" ಎಂದಷ್ಟೇ ಬರೆದಿದ್ದರು. ಈ ಲೆನ್ಸಿನ ಕೆಲವು ಆವೃತ್ತಿಗಳಲ್ಲಿ ಥೋರಿಯಂ ಬೆರೆತ ಗಾಜಿದೆ, ವರ್ಷಗಳು ಕಳೆದಂತೆ ಅದು ಹಳದಿಯಾಗುತ್ತದೆ. ನೇರಳಾತೀತ ಕಿರಣ ಬಿದ್ದರೆ ತಿಳಿಯಾಗುತ್ತದೆ. ಮೂರು ವಾರ ಕಿಟಕಿಯಲ್ಲಿ ಬಿಸಿಲಿಗಿಟ್ಟೆ. ಒಂದು ಮಧ್ಯಾಹ್ನ ಅಮ್ಮನಿಗೆ ಸುಟ್ಟ ವಾಸನೆ ಬಂತು. ಲೆನ್ಸ್ ಬಿಸಿಲನ್ನು ಒಟ್ಟುಗೂಡಿಸಿ ಪರದೆಯಲ್ಲಿ ಸಾಸಿವೆಯಷ್ಟು ತೂತು ಮಾಡಿತ್ತು. ಆಮೇಲೆ ಒಂದು ತುದಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ, ಪರದೆಯಿಂದ ದೂರ ಇಟ್ಟೆ. ಚಹಾ ಈಗ ನಿಂಬೆ ಶರಬತ್ತಾಗಿದೆ, ಉಳಿದದ್ದನ್ನು ಕ್ಯಾಮೆರಾದಲ್ಲಿ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ನೋಡಿಕೊಳ್ಳುತ್ತದೆ.

ಪೆಂಟಕಾನ್ ನನ್ನನ್ನು ಮೊದಲು ಸತಾಯಿಸಿತು. ಯಾವ ಅಪರ್ಚರ್, ಅಂದರೆ ಬೆಳಕಿನ ಕಿಂಡಿಯ ಅಳತೆ, ಇಟ್ಟರೂ ಫೋಟೊ ಎಫ್/1.8ರಂತೆಯೇ ಬರುತ್ತಿತ್ತು. ಟಾಕುಮಾರಿನಲ್ಲಿ ಆಟೊ-ಮ್ಯಾನುಯಲ್ ಸ್ವಿಚ್ ಇದೆ, ನನ್ನ ಪೆಂಟಕಾನಿನಲ್ಲಿ ಇಲ್ಲ. ಹಿಂದಿನ ಸಣ್ಣ ಪಿನ್ನನ್ನು ಅಡಾಪ್ಟರ್ ಒತ್ತಿ ಹಿಡಿಯದಿದ್ದರೆ ಅಪರ್ಚರ್ ಮುಚ್ಚುವುದೇ ಇಲ್ಲ. ಒಳಗೆ ಅಂಚು ಇರುವ ಇನ್ನೊಂದು ಅಡಾಪ್ಟರ್ ಕೊಂಡು 600 ರೂಪಾಯಿ ಕಳೆದೆ.

ಆದರೆ ಇದು 33 ಸೆಂಟಿಮೀಟರ್ ಹತ್ತಿರಕ್ಕೆ ಹೋಗಬಲ್ಲದು. ಟಾಕುಮಾರ್ 45ಕ್ಕೆ ನಿಲ್ಲುತ್ತದೆ, ಹೀಲಿಯೋಸ್ ಅರ್ಧ ಮೀಟರಿಗೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಆ ವ್ಯತ್ಯಾಸ ಏನೆಂದು ತಿಳಿಯುತ್ತದೆ. ಎಫ್/2.8ರಲ್ಲಿ ಮಲ್ಲಿಗೆ ಮೊಗ್ಗಿನ ತೊಟ್ಟಿನ ಹಸಿರು, ಬಾಳೆನಾರಿನ ಗಂಟು, ನಾರಿನಿಂದ ಎದ್ದ ಒಂದು ಎಳೆ ಎಲ್ಲವೂ ಬಂದವು. ಗ್ರೀಸ್ ಗಟ್ಟಿಯಾಗಿ ಫೋಕಸ್ ಉಂಗುರ ತಿರುಗಿಸುವುದು ಹಳೆಯ ನಲ್ಲಿ ತಿರುಗಿಸಿದಂತೆ. ಹೂ ಕಟ್ಟುತ್ತಿದ್ದಾಕೆ ನೋಡಿ ನೋಡಿ, "ಅಷ್ಟು ತಿರುಗಿಸುತ್ತಿದ್ದೀರಲ್ಲ ಸ್ವಾಮಿ, ಕೆಟ್ಟುಹೋಗಿದೆಯಾ?" ಎಂದು ಕೇಳಿದರು. ಅಂದ ಹಾಗೆ, ಫೋಕಸ್ ತೋರಿಸಲು ಕ್ಯಾಮೆರಾ ತನ್ನ ಪರದೆಯಲ್ಲಿ ಮೂಡಿಸುವ ಬಣ್ಣದ ಅಂಚುಗಳನ್ನು ಎಫ್/2ರ ಆಸುಪಾಸಿನಲ್ಲಿ ನಂಬಬೇಡಿ. ಚಿತ್ರವನ್ನು ಹಿಗ್ಗಿಸಿ ನೋಡಿ ಹೊಂದಿಸಿದರೆ ಮಾತ್ರ ಮೊಗ್ಗು ಮೊಗ್ಗಾಗಿ ಬರುತ್ತದೆ.

ಭಾನುವಾರ ಸಂಜೆಯ ಅರಮನೆ ದೀಪಗಳಲ್ಲಿ ಮೂರನ್ನೂ ಟ್ರೈಪಾಡ್ ಮೇಲಿಟ್ಟು ನೋಡಿದೆ. ಪೂರ್ತಿ ತೆರೆದಾಗ ಮೂರೂ ದೀಪಗಳ ಸುತ್ತ ಮಂಜು ಕಟ್ಟಿದವು, ಎಫ್/5.6ರಲ್ಲಿ ಮೂರಕ್ಕೂ ಅಂಥ ವ್ಯತ್ಯಾಸವಿಲ್ಲ. ಎಫ್/11ರಲ್ಲಿ ಟಾಕುಮಾರಿನ ಅಪರ್ಚರಿನ ಆರು ಲೋಹದ ಎಲೆಗಳಿಂದ ಪ್ರತಿ ದೀಪಕ್ಕೂ ಆರು ಕಿರಣ, ಹೀಲಿಯೋಸಿನ ಎಂಟರಿಂದ ಎಂಟು. ಎಂಟು ನನಗೆ ಗಿಜಿಗಿಜಿ ಎನಿಸಿತು.

ಕೊಳ್ಳುವವರು ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದೆ ಹಿಡಿದು ನೋಡಲೇಬೇಕು. ನನ್ನ ಪೆಂಟಕಾನಿನ ಅಂಚಿನಲ್ಲಿ ಜೇಡರ ಬಲೆಯಂಥ ಫಂಗಸ್ ಎಳೆಗಳಿದ್ದವು. ಚಿತ್ರದಲ್ಲಿ ಕಾಣುವುದಿಲ್ಲ, ಆದರೆ ಮಳೆಗಾಲದಲ್ಲಿ ಬೆಳೆಯುತ್ತದೆ. ಅದಕ್ಕೇ ಪೆಂಟಕಾನಿಗೆ ಪ್ರತ್ಯೇಕ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ. ಕ್ಯಾಮೆರಾ ಮೇಲೆ ಸದಾ ಇರುವುದು ಟಾಕುಮಾರ್. ಹೀಲಿಯೋಸನ್ನು ಮಾರುವಂತಿಲ್ಲ. ಮಾವ ಮಂಡ್ಯದಿಂದ ಬಂದಾಗಲೆಲ್ಲ "ನನ್ನದರಲ್ಲಿ ತೆಗೆದದ್ದು ಯಾವುದು?" ಎನ್ನುತ್ತಾರೆ. ತಂಗಿಯ ಆ ನಾಲ್ಕನ್ನು ತೋರಿಸುತ್ತೇನೆ.